ಹಡಗಿನ ಪಟ್ಟಿಯ ಒಂದು ಸಾಲು

ಹಾವೇರಿಯ ಪದವಿ ಕಾಲೇಜೊಂದರಲ್ಲಿ ಇತಿಹಾಸ ಕಲಿಸುವ ಓದುಗರೊಬ್ಬರು ಪತ್ರ ಬರೆದಿದ್ದಾರೆ. ಅದರ ಸಾರಾಂಶ ಇದು: "ವಲಸೆ ಹೋದವರಲ್ಲಿ ಹೆಚ್ಚಿನವರು ಬಡವರು, ಅಕ್ಷರ ಬಾರದವರು. ದಿನಚರಿ ಬರೆದವರಲ್ಲ, ಕಾಗದ ಬರೆದವರಲ್ಲ. ಆದರೂ ಇತಿಹಾಸಕಾರರು ಅವರ ಬದುಕನ್ನು ಕಣ್ಣಾರೆ ಕಂಡಂತೆ ಬರೆಯುತ್ತಾರೆ. ಯಾವ ಆಧಾರದ ಮೇಲೆ? ಒಬ್ಬರು ವಲಸಿಗರೇ ನಾಡು ಕಟ್ಟಿದರು ಅನ್ನುತ್ತಾರೆ, ಇನ್ನೊಬ್ಬರು ಅವರು ಸ್ಥಳೀಯರ ಅನ್ನ ಕಿತ್ತುಕೊಂಡರು ಅನ್ನುತ್ತಾರೆ. ಇಬ್ಬರ ಕೈಯಲ್ಲೂ ಅಂಕಿಸಂಖ್ಯೆ ಇದೆ. ಯಾರನ್ನು ನಂಬೋಣ? ನಮ್ಮ ಊರಿಗೆ ಬಂದು ನೆಲೆಸಿದವರ ಬಗ್ಗೆ ವಿದ್ಯಾರ್ಥಿಗಳಿಂದ ಕಿರುಸಂಶೋಧನೆ ಮಾಡಿಸಬೇಕೆಂದಿದ್ದೇನೆ. ಎಲ್ಲಿಂದ ಶುರು ಮಾಡಲಿ?"

ಮೇಡಂ, ಅವರು ತಮ್ಮ ಬಗ್ಗೆ ಬರೆಯಲಿಲ್ಲ, ನಿಜ. ಆದರೆ ಅವರ ಬಗ್ಗೆ ಬೇರೆಯವರು ರಾಶಿ ರಾಶಿ ಬರೆದರು. ದುಡಿಸಿಕೊಳ್ಳುವವರಿಗೆ ಲೆಕ್ಕ ಬೇಕಿತ್ತು, ಸರ್ಕಾರಕ್ಕೆ ತೆರಿಗೆ ಬೇಕಿತ್ತು, ಪೊಲೀಸರಿಗೆ ಗುರುತು ಬೇಕಿತ್ತು. ವಲಸೆಯ ಇತಿಹಾಸ ಬಹುಮಟ್ಟಿಗೆ ನಿಂತಿರುವುದು ಈ ಕಾಗದಗಳ ಮೇಲೆ. ಅದಕ್ಕೇ ದಾಖಲೆ ಕೈಗೆ ಬಂದಾಗ ಅದು ಏನು ಹೇಳುತ್ತದೆ ಎಂದು ನೋಡುವುದಕ್ಕೆ ಮೊದಲು, ಬರೆದವರು ಯಾರು, ಏತಕ್ಕಾಗಿ ಬರೆದರು ಎಂದು ಕೇಳಬೇಕು. ಇದನ್ನು ಮರೆತು ಅಂಕಿಗೆ ಕೈ ಹಾಕಿದರೆ ಮುಂದಿನದೆಲ್ಲ ಹಳಿ ತಪ್ಪುತ್ತದೆ.

ಒಂದು ಉದಾಹರಣೆ ಹಿಡಿದು ಹೇಳುತ್ತೇನೆ: ದಕ್ಷಿಣ ಆಫ್ರಿಕದ ನೇಟಾಲ್, ಆಗ ಅದು ಬ್ರಿಟಿಷರ ವಸಾಹತು. 1860ರ ನವೆಂಬರ್ 16ರಂದು 'ಟ್ರೂರೋ' ಎಂಬ ಹಡಗು ಮದ್ರಾಸಿನಿಂದ 342 ಜನರನ್ನು ಹೊತ್ತು ಡರ್ಬನ್ ಮುಟ್ಟಿತು. ಕಬ್ಬಿನ ತೋಟಗಳಲ್ಲಿ ಐದು ವರ್ಷ ದುಡಿಯುವ ಕರಾರಿನ ಮೇಲೆ ಹೋದವರು ಅವರು. 1911ರಲ್ಲಿ ಈ ಕರಾರಿನ ವಲಸೆ ನಿಲ್ಲುವ ಹೊತ್ತಿಗೆ ಒಟ್ಟು 1,52,184 ಜನ ಹೋಗಿದ್ದರು, ಅವರಲ್ಲಿ ಸುಮಾರು ಮೂರನೇ ಎರಡು ಪಾಲು ಮದ್ರಾಸ್ ಬಂದರಿನಿಂದ. ಆ ಕರಾರಿಗೆ ಕೂಲಿಗಳ ಬಾಯಲ್ಲಿ 'ಗಿರ್ಮಿಟ್' ಎಂದು ಹೆಸರು. ನಿಮ್ಮ ಕಡೆಯವರಿಗೆ ಆ ಪದ ಕೇಳಿದರೆ ಮಂಡಕ್ಕಿ ನೆನಪಾಗುತ್ತದೆ, ಆದರೆ ಇದು 'ಅಗ್ರಿಮೆಂಟ್' ಸವೆದು ಆದ ಮಾತು.

ಪ್ರತಿ ಹಡಗಿಗೂ ಒಂದು ಪಟ್ಟಿ, ಪ್ರತಿ ಮನುಷ್ಯನಿಗೂ ಒಂದು ಸಾಲು. ಸಂಖ್ಯೆ, ಹೆಸರು, ತಂದೆಯ ಹೆಸರು, ವಯಸ್ಸು, ಗಂಡೋ ಹೆಣ್ಣೋ, ಜಾತಿ, ಎತ್ತರ, ಜಿಲ್ಲೆ, ಠಾಣೆ ಅಥವಾ ತಾಲ್ಲೂಕು, ಹಳ್ಳಿ, ಮೈಮೇಲಿನ ಗುರುತು. ಈ ಪಟ್ಟಿಗಳನ್ನು ಡರ್ಬನ್ನಿನ ಗಾಂಧಿ–ಲುಥುಲಿ ದಾಖಲಾತಿ ಕೇಂದ್ರ ಕಂಪ್ಯೂಟರಿಗೆ ಏರಿಸಿದೆ. ಒಂದು ಸಾಲನ್ನು ಎಡದಿಂದ ಬಲಕ್ಕೆ ನಿಧಾನವಾಗಿ ಓದೋಣ.

ಹೆಸರು. ಹೇಳಿದವನು ತಮಿಳನೋ ತೆಲುಗನೋ ಕನ್ನಡಿಗನೋ, ಕೇಳಿ ಬರೆದವನು ಇಂಗ್ಲಿಷಿನ ಗುಮಾಸ್ತ. ಮುನಿಸ್ವಾಮಿ 'ಮೂನ್ಸಾಮಿ' ಆಗುತ್ತಾನೆ. ಗೌಂಡರ್ 'ಗೋವೆಂಡರ್' ಆಗಿ, ಮುದಲಿಯಾರ್ 'ಮೂಡ್ಲಿ' ಆಗಿ ಇವತ್ತಿಗೂ ಡರ್ಬನ್ನಿನಲ್ಲಿ ಮನೆತನದ ಹೆಸರಾಗಿ ಉಳಿದಿವೆ. ಹಾಗಾಗಿ ಕಾಗದದ ಸ್ಪೆಲ್ಲಿಂಗ್ ಹಿಡಿದು ಹುಡುಕಿದರೆ ಏನೂ ಸಿಗುವುದಿಲ್ಲ. ಬರೆದದ್ದನ್ನು ಬಾಯಿಬಿಟ್ಟು ಓದಿ, ಕಿವಿಗೆ ಹೇಗೆ ಕೇಳಿಸುತ್ತದೋ ಅದರ ಜಾಡು ಹಿಡಿಯಬೇಕು. ಹಳ್ಳಿಯ ಹೆಸರಿಗೂ ಇದೇ ಪಾಡು, ಅದರ ಮೇಲೆ ಇನ್ನೊಂದು ತೊಡಕು: 'ಹೊಸಹಳ್ಳಿ' ಎಂದಿದ್ದರೆ ಯಾವ ಹೊಸಹಳ್ಳಿ? ಜಿಲ್ಲೆ, ತಾಲ್ಲೂಕು, ಹಳ್ಳಿ ಮೂರೂ ತಾಳೆಯಾದರೆ ಮಾತ್ರ ಊರು ಸಿಕ್ಕಿತು ಎನ್ನಬಹುದು. ಎರಡೇ ತಾಳೆಯಾದರೆ 'ಬಹುಶಃ' ಎಂದು ಬರೆಯಿರಿ, ಒಂದೇ ಆದರೆ ಬಿಟ್ಟುಬಿಡಿ.

ವಯಸ್ಸು. ಪಟ್ಟಿ ತೆರೆದರೆ 20, 25, 30ರ ಸುತ್ತ ಜನ ಗುಂಪುಗಟ್ಟಿರುತ್ತಾರೆ. ಹುಟ್ಟಿದ ವರ್ಷ ಗೊತ್ತಿಲ್ಲದವನು ಅಂದಾಜು ಹೇಳುತ್ತಾನೆ, ಇಲ್ಲವೇ ಗುಮಾಸ್ತನೇ ಮುಖ ನೋಡಿ ಬರೆಯುತ್ತಾನೆ. ಇದನ್ನು ಅಳೆಯಲು ವಿಪಲ್ ಸೂಚ್ಯಂಕ ಎಂಬ ಸುಲಭದ ಲೆಕ್ಕ ಇದೆ. 23ರಿಂದ 62 ವರ್ಷದೊಳಗಿನವರನ್ನೆಲ್ಲ ಎಣಿಸಿ. ಅವರಲ್ಲಿ ವಯಸ್ಸು ಸೊನ್ನೆಗೋ ಐದಕ್ಕೋ ಮುಗಿಯುವವರನ್ನು ಬೇರೆ ಎಣಿಸಿ. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿ 500ರಿಂದ ಗುಣಿಸಿ. ಉತ್ತರ 100ರ ಆಸುಪಾಸು ಬಂದರೆ ವಯಸ್ಸು ನಂಬಬಹುದು, 500 ಬಂದರೆ ಎಲ್ಲವೂ ಅಂದಾಜು. 400 ಜನರಲ್ಲಿ 160 ಜನರ ವಯಸ್ಸು ಹಾಗೆ ಮುಗಿದರೆ 200. ಅಂಥ ಪಟ್ಟಿಯನ್ನು ಹಿಡಿದು 'ಸರಾಸರಿ ವಯಸ್ಸು 24.3' ಎಂದು ದಶಾಂಶದಲ್ಲಿ ಬರೆಯುವುದು ಓದುಗರನ್ನು ದಾರಿತಪ್ಪಿಸುವ ಕೆಲಸ.

ಜಾತಿ. ಈ ಕಾಲಂ ಹೆಚ್ಚು ಜನರನ್ನು ಎಡವಿಸಿದೆ. ಆ ಕಾಲದ ಮದ್ರಾಸಿನ ಇಂಗ್ಲಿಷರು ತೆಲುಗರನ್ನು 'ಜೆಂಟೂ' ಎಂದೂ ತಮಿಳರನ್ನು 'ಮಲಬಾರ್' ಎಂದೂ ಕರೆಯುತ್ತಿದ್ದರು. ಈ ಕಾಲಂನಲ್ಲಿ ಆ ಪದಗಳು ಕಂಡರೂ ಅವೆರಡೂ ಜಾತಿಗಳಲ್ಲ, ಮಲಬಾರ್ ಎಂದಮಾತ್ರಕ್ಕೆ ಕೇರಳದವರೂ ಅಲ್ಲ. ಎಲ್ಲಿ ಜಾತಿಯೇ ನಮೂದಾಗಿದೆಯೋ ಅಲ್ಲೂ ಅದು ಅವನು ಹೇಳಿದ್ದೋ, ಏಜೆಂಟ್ ಹೇಳಿಕೊಟ್ಟದ್ದೋ, ಗುಮಾಸ್ತ ಊಹಿಸಿದ್ದೋ ಎಂಬ ಪ್ರಶ್ನೆ ಉಳಿಯುತ್ತದೆ.

ಇನ್ನು ಎತ್ತರ ಮತ್ತು ಮೈಮೇಲಿನ ಗುರುತು. ಹಣೆಯ ಮೇಲಿನ ಗಾಯದ ಕಲೆಯನ್ನೋ ತೋಳಿನ ಹಚ್ಚೆಯನ್ನೋ ಬರೆದಿಟ್ಟದ್ದು ಆ ಮನುಷ್ಯನನ್ನು ನೆನಪಿಟ್ಟುಕೊಳ್ಳಲು ಅಲ್ಲ. ತೋಟ ಬಿಟ್ಟು ಓಡಿದರೆ ಹಿಡಿದು ತರಲು. ಆದರೆ ಅದೇ ಎತ್ತರದ ಕಾಲಂ ಇಂದು ಬೇರೆಯೇ ಕೆಲಸಕ್ಕೆ ಬರುತ್ತಿದೆ. ಬೆಳೆಯುವ ವಯಸ್ಸಿನಲ್ಲಿ ಹೊಟ್ಟೆಗೆ ಸಾಲದಿದ್ದರೆ ಆಳು ಗಿಡ್ಡನಾಗುತ್ತಾನೆ. ಹಾಗಾಗಿ ಹುಟ್ಟಿದ ವರ್ಷದ ಪ್ರಕಾರ ಸಾವಿರಾರು ಜನರ ಎತ್ತರವನ್ನು ಜೋಡಿಸಿದರೆ ದಕ್ಷಿಣ ಭಾರತದ ಹಳ್ಳಿಗಳ ಊಟದ ಏರುಪೇರು ಕಾಣುತ್ತದೆ. ಆರ್ಥಿಕ ಇತಿಹಾಸಕಾರರು ಇದನ್ನು ಮಾಡಿದ್ದಾರೆ. ಮಾಡುವಾಗ ಎರಡು ಎಚ್ಚರಿಕೆ ಬೇಕು. ಇನ್ನೂ ಬೆಳೆಯುತ್ತಿರುವ ಹುಡುಗರನ್ನು ಪ್ರತ್ಯೇಕ ಇಡಬೇಕು. ಹಡಗು ಹತ್ತುವ ಮೊದಲು ಕೂಲಿಗಳನ್ನು ಇರಿಸುತ್ತಿದ್ದ ಡಿಪೋದಲ್ಲಿ ವೈದ್ಯರು ಗಟ್ಟಿಮುಟ್ಟಾದವರನ್ನೇ ಆರಿಸಿದ್ದರಿಂದ ಪಟ್ಟಿಯಲ್ಲಿರುವವರು ಊರಿನ ಸರಾಸರಿ ಮನುಷ್ಯರಲ್ಲ ಎಂಬುದನ್ನೂ ಮರೆಯಬಾರದು.

ಒಂದೊಂದೇ ಸಾಲಿನಿಂದ ದೊಡ್ಡ ಚಿತ್ರ ಹೇಗೆ ಮೂಡುತ್ತದೆ ಎನ್ನುವುದಕ್ಕೆ ಫಿಜಿಯ ಬ್ರಿಜ್ ಲಾಲ್ ಅವರ ಕೆಲಸ ನೋಡಬೇಕು. ಗಿರ್ಮಿಟಿಯಾ, ಎಂದರೆ ಕರಾರಿನ ಕೂಲಿ, ಒಬ್ಬರ ಮೊಮ್ಮಗನಾದ ಈ ಇತಿಹಾಸಕಾರ, 1879ರಿಂದ 1916ರವರೆಗೆ ಕಲ್ಕತ್ತದಿಂದ ಫಿಜಿಗೆ ಹೋದ 45,439 ಜನರ ವಲಸೆ ಪಾಸುಗಳನ್ನು, ಎಂದರೆ ಒಬ್ಬೊಬ್ಬರ ವಿವರ ಬರೆದ ಕಾಗದಗಳನ್ನು, ಒಂದೂ ಬಿಡದೆ ಕಂಪ್ಯೂಟರಿಗೆ ಹಾಕಿದರು. ಅಲ್ಲಿಯವರೆಗೆ, ಹೋದವರೆಲ್ಲ ಊರಿನ ಕಟ್ಟಕಡೆಯ ಜಾತಿಯವರು, ಏನೂ ಅರಿಯದೆ ಮೋಸಹೋದವರು ಎಂಬ ಮಾತು ನಡೆಯುತ್ತಿತ್ತು. ಪಾಸುಗಳು ಬೇರೆಯೇ ಕಥೆ ಹೇಳಿದವು. ಹಳ್ಳಿಯ ಬಹುತೇಕ ಎಲ್ಲ ಜಾತಿಯವರೂ ಅಲ್ಲಿದ್ದರು. ಅದಕ್ಕಿಂತ ಮುಖ್ಯವಾದದ್ದು, ಬಹಳ ಜನರ ಹುಟ್ಟೂರಿನ ಜಿಲ್ಲೆ ಒಂದು, ಹೆಸರು ನೋಂದಾಯಿಸಿದ ಜಿಲ್ಲೆ ಇನ್ನೊಂದು. ಎಂದರೆ ಏಜೆಂಟನ ಕಣ್ಣಿಗೆ ಬೀಳುವ ಮೊದಲೇ ಅವರು ಕೂಲಿ ಹುಡುಕುತ್ತ ಊರು ಬಿಟ್ಟಿದ್ದರು. ಸಮುದ್ರ ದಾಟಿದ್ದು ಅವರ ಎರಡನೆಯ ವಲಸೆ. ಮೋಸ ನಡೆಯಲಿಲ್ಲ ಎಂದು ಇದರ ಅರ್ಥವಲ್ಲ. ಮೋಸವೊಂದೇ ಕಾರಣ ಎನ್ನುವ ವಾದ ಮಾತ್ರ ಇನ್ನು ನಿಲ್ಲುವುದಿಲ್ಲ. ಎರಡು ಕಾಲಂಗಳನ್ನು ಅಕ್ಕಪಕ್ಕ ಇಟ್ಟು ನೋಡಿದ್ದರಿಂದ ಬಂದ ತಿಳಿವಳಿಕೆ ಇದು. ಈ ಕೆಲಸದ ಬಗ್ಗೆ ನನಗೆ ಅಪಾರ ಗೌರವ.

ಪಟ್ಟಿ ಹೇಳದೆ ಬಿಟ್ಟದ್ದನ್ನು ಹುಡುಕಲು ಬೇರೆ ಕಡತ ಬೇಕು. ಹೋದವರ ಪಟ್ಟಿ ಅಚ್ಚುಕಟ್ಟಾಗಿರುತ್ತದೆ, ಮರಳಿದವರದ್ದು ಹಾಗಿರುವುದಿಲ್ಲ. ಮಾರಿಷಸ್‌ಗೆ ಹೋದ ನಾಲ್ಕೂವರೆ ಲಕ್ಷದಷ್ಟು ಭಾರತೀಯರಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಒಬ್ಬರು ವಾಪಸಾದರು. ಅಲ್ಲೇ ಉಳಿದವರ ಮೊಮ್ಮಕ್ಕಳನ್ನು ಮಾತ್ರ ಕೇಳಿ ಬರೆದರೆ, ವಲಸೆ ಎಂದರೆ ಕಷ್ಟಪಟ್ಟು ಮೇಲೆ ಬಂದವರ ಕಥೆ ಎಂದಾಗಿಬಿಡುತ್ತದೆ. ಸೋತು ಬಂದವರು, ದುಡಿದು ಸಾಕೆಂದು ಬಂದವರು, ಸತ್ತವರು ಕಥೆಯಿಂದ ಬಿದ್ದುಹೋಗುತ್ತಾರೆ. ನೇಟಾಲ್‌ನಿಂದ 1871ರಲ್ಲಿ ಮದ್ರಾಸಿಗೆ ಮರಳಿದ ಕೂಲಿಗಳು ಅಲ್ಲಿನ ಹೊಡೆತ, ತಡೆಹಿಡಿದ ಸಂಬಳದ ಬಗ್ಗೆ ದೂರು ಕೊಟ್ಟರು. ಆ ದೂರಿನಿಂದಲೇ 1872ರಲ್ಲಿ ನೇಟಾಲ್ ಸರ್ಕಾರ ವಿಚಾರಣಾ ಆಯೋಗ ಕೂರಿಸಬೇಕಾಯಿತು, ಕೂಲಿಗಳ ರಕ್ಷಣೆಗೆಂದು 'ಪ್ರೊಟೆಕ್ಟರ್' ಎಂಬ ಅಧಿಕಾರಿಯ ಹುದ್ದೆ ಬಂತು, 1866ರಿಂದ ನಿಂತಿದ್ದ ವಲಸೆ 1874ರಲ್ಲಿ ಮತ್ತೆ ಶುರುವಾಯಿತು. ಮರಳಿದವರ ಮಾತಿಗೆ ಇಷ್ಟು ತೂಕವಿತ್ತು.

ಪ್ರೊಟೆಕ್ಟರ್ ಕಚೇರಿಯ ದೂರಿನ ಕಡತಗಳಲ್ಲಿ ಕೂಲಿಗಳ ದನಿ ಸಿಗುತ್ತದೆ. ಆದರೆ ಆ ದನಿ ಮೂರು ಬಾಗಿಲು ದಾಟಿ ಬಂದದ್ದು: ಹೇಳಿದವಳ ಭಾಷೆ, ದುಭಾಷಿಯ ಬಾಯಿ, ಗುಮಾಸ್ತನ ಇಂಗ್ಲಿಷ್. 'ನನಗೆ ರೇಷನ್ ಸರಿಯಾಗಿ ಸಿಕ್ಕಿಲ್ಲ' ಎಂಬ ವಾಕ್ಯ ಹತ್ತು ಅರ್ಜಿಗಳಲ್ಲಿ ಒಂದೇ ಅಚ್ಚಿನಲ್ಲಿದ್ದರೆ ಅದು ಗುಮಾಸ್ತನ ವಾಕ್ಯ. ಅದರ ನಡುವೆ ಯಾರಿಗೂ ಬೇಡದ ಒಂದು ವಿವರ, ಯಾವ ಪಾತ್ರೆ ಒಡೆಯಿತು, ಮಗು ಎಲ್ಲಿ ಮಲಗಿತ್ತು ಎಂಬಂಥದ್ದು ನುಸುಳಿದ್ದರೆ ಅದು ಬಹುಮಟ್ಟಿಗೆ ಅವಳದೇ ಮಾತು.

ಈಗ ನಿಮ್ಮ ಎರಡನೆಯ ಪ್ರಶ್ನೆ: ನಾಡು ಕಟ್ಟಿದರೋ, ಅನ್ನ ಕಿತ್ತುಕೊಂಡರೋ? ನೇಟಾಲ್‌ನಲ್ಲಿ ಈ ಜಗಳ ಆಗಲೇ ನಡೆದಿತ್ತು. ಭಾರತೀಯ ವಲಸಿಗರ ಬಗ್ಗೆ ವಿಚಾರಿಸಲು 1885ರಿಂದ 1887ರವರೆಗೆ ಕೂತ ರ‍್ಯಾಗ್ ಆಯೋಗದ ಸದಸ್ಯ ಜೇಮ್ಸ್ ಸಾಂಡರ್ಸ್, ಭಾರತೀಯರು ಬಂದದ್ದರಿಂದಲೇ ಮುಳುಗುತ್ತಿದ್ದ ವಸಾಹತು ಚೇತರಿಸಿಕೊಂಡಿತು ಎಂದು ಬರೆದ. ಗಾಂಧೀಜಿ ತಮ್ಮ ಮನವಿಗಳಲ್ಲಿ ಇದನ್ನು ಬಳಸಿಕೊಂಡರು. ಇತಿಹಾಸಕಾರರೂ ಬಳಸುತ್ತಾರೆ, ಜೊತೆಗೆ ಸಾಂಡರ್ಸ್ ಸ್ವತಃ ಕಬ್ಬಿನ ತೋಟದವನು ಎಂಬುದನ್ನೂ ಬರೆಯುತ್ತಾರೆ. ಅಗ್ಗದ ದುಡಿಮೆಯಿಂದ ಅವನಿಗೆ ಲಾಭವಿತ್ತು. ಎದುರಿನ ಸಾಕ್ಷಿ ಹೇಳಿದವರು ಯಾರೆಂದು ನೋಡಿದರೆ ಹೆಚ್ಚಾಗಿ ಬಿಳಿಯ ಅಂಗಡಿಕಾರರು. ಕರಾರು ಮುಗಿಸಿದ ಭಾರತೀಯರು ತರಕಾರಿ ಬೆಳೆದು, ಮನೆಬಾಗಿಲಿಗೆ ಒಯ್ದು ಮಾರಿ, ಕೆಲವರು ಅಂಗಡಿಯಿಟ್ಟು ಅವರ ವ್ಯಾಪಾರಕ್ಕೆ ಪೈಪೋಟಿಯಾಗಿದ್ದರು. ಎರಡೂ ಕಡೆಯವರ ಅಂಕಿ ಸುಳ್ಳಿರಬೇಕಾಗಿಲ್ಲ. ಒಬ್ಬನು ತೋಟದ ಲೆಕ್ಕ ತಂದ, ಇನ್ನೊಬ್ಬನು ಪೇಟೆಯ ಲೆಕ್ಕ ತಂದ. ಅಂಕಿಯ ಜೊತೆಗೆ ಅದು ಯಾರ ಗಲ್ಲಾಪೆಟ್ಟಿಗೆಯಿಂದ ಬಂತು ಎಂದು ಕೇಳಿದರೆ ಜಗಳದ ಅರ್ಧ ಬಿಡಿಸಿಕೊಳ್ಳುತ್ತದೆ.

ಉಳಿದರ್ಧ ಹೆಚ್ಚು ಕಷ್ಟದ್ದು. 'ಕೊಡುಗೆ' ಎಂಬ ಪದದ ಬಗ್ಗೆಯೇ ನನಗೆ ತಕರಾರಿದೆ. ಯಾರು ಏನು ಕೊಟ್ಟರು ಎಂದು ಪಟ್ಟಿ ಮಾಡುವ ಬದಲು, ಅವರು ಬಾರದಿದ್ದರೆ ಆ ಕೆಲಸ ಯಾರು ಮಾಡುತ್ತಿದ್ದರು, ಎಷ್ಟು ಕೂಲಿಗೆ ಎಂದು ಕೇಳಿ. ನೇಟಾಲ್‌ನಲ್ಲಿ ಆಫ್ರಿಕದ ಜನ ಬೇಕಾದಷ್ಟಿದ್ದರು. ಅವರಲ್ಲಿ ಬಹಳ ಮಂದಿಗೆ ಉಳಲು ನೆಲವಿತ್ತು, ದನವಿತ್ತು. ವರ್ಷವಿಡೀ ಕಬ್ಬಿನ ಗದ್ದೆಯಲ್ಲಿ ಅಗ್ಗಕ್ಕೆ ದುಡಿಯುವ ದರ್ದು ಇರಲಿಲ್ಲ. 1849ರಿಂದ ಗುಡಿಸಿಲಿಗೆ ಏಳು ಶಿಲ್ಲಿಂಗ್ ತೆರಿಗೆ ಹಾಕಿದರೂ ತೋಟದವರಿಗೆ ಬೇಕಾದಷ್ಟು ಆಳು ಬರಲಿಲ್ಲ. ಆಗ ಸಮುದ್ರದಾಚೆಯಿಂದ, ಮೊದಲ ವರ್ಷ ತಿಂಗಳಿಗೆ ಹತ್ತು ಶಿಲ್ಲಿಂಗ್, ಮುಂದೆ ವರ್ಷಕ್ಕೊಂದು ಶಿಲ್ಲಿಂಗ್ ಏರಿಕೆಯಂತೆ ಐದನೆಯ ವರ್ಷ ಹದಿನಾಲ್ಕಕ್ಕೆ ಕಟ್ಟುಬಿದ್ದ ಆಳುಗಳನ್ನು ತರಿಸಿದರು. ಹೆಚ್ಚು ಕೂಲಿ ಕೇಳುವ ಸ್ಥಳೀಯರ ಬಲ ಕುಗ್ಗಿತು. ಹೀಗೆ ನೋಡಿದಾಗ ವಲಸಿಗರ ಪಾತ್ರ ಹೊಗಳಿಕೆಗೂ ತೆಗಳಿಕೆಗೂ ಸಿಗುವುದಿಲ್ಲ. ನಿರ್ಧಾರ ಯಾರ ಕೈಯಲ್ಲಿತ್ತು ಎನ್ನುವುದು ಕಾಣುತ್ತದೆ. ವಲಸಿಗ ಮತ್ತು ಸ್ಥಳೀಯ ಇಬ್ಬರ ಬಗ್ಗೆ ಮಾತ್ರ ಬರೆದು, ಕರೆತಂದ ಮೂರನೆಯವನನ್ನು ಬಿಟ್ಟ ಬರಹವನ್ನು ನಾನು ಅಪೂರ್ಣ ಎಂದೇ ತಿಳಿಯುತ್ತೇನೆ.

ಭಾರತೀಯರು ಬೇಕಾಗಿದ್ದದ್ದು ಆಳುಗಳಾಗಿ ಮಾತ್ರ ಎನ್ನುವುದಕ್ಕೆ 1895ರ ಕಾನೂನು ಸಾಕ್ಷಿ. ಅದಾದ ಮೇಲೆ ಬಂದವರು ಕರಾರು ಮುಗಿದಾಗ ಮತ್ತೆ ಕರಾರಿಗೆ ಸೇರಬೇಕು, ಇಲ್ಲವೇ ಭಾರತಕ್ಕೆ ಮರಳಬೇಕು. ಎರಡೂ ಬೇಡವೆಂದರೆ ವರ್ಷಕ್ಕೆ ಮೂರು ಪೌಂಡ್ ತೆರಿಗೆ. ಮೂರು ಪೌಂಡ್ ಎಂದರೆ 60 ಶಿಲ್ಲಿಂಗ್, ತಿಂಗಳಿಗೆ ಹತ್ತು ಶಿಲ್ಲಿಂಗಿನವನ ಆರು ತಿಂಗಳ ಸಂಬಳ. ಮುಂದೆ ಇದು 16 ದಾಟಿದ ಹುಡುಗರಿಗೂ 13 ದಾಟಿದ ಹುಡುಗಿಯರಿಗೂ ಬಂತು. 1904ರ ಜನಗಣತಿಯಲ್ಲಿ ನೇಟಾಲ್‌ನ ಬಿಳಿಯರು 97,109, ಭಾರತೀಯರು 1,00,918. ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟರೆ ಆಳುವವರ ಭಯ ಎಲ್ಲಿಂದ ಬಂತೆಂದು ತಿಳಿಯುತ್ತದೆ. 1913ರಲ್ಲಿ ಸಾವಿರಾರು ಕೂಲಿಗಳು ಗಣಿ, ತೋಟ ಬಿಟ್ಟು ಮುಷ್ಕರ ಹೂಡಿದರು, ಮರುವರ್ಷ ಆ ತೆರಿಗೆ ರದ್ದಾಯಿತು.

ನಮ್ಮ ನೆಲದ ಲೆಕ್ಕಕ್ಕೆ ಬರೋಣ. 1871ರ ಗಣತಿಯಲ್ಲಿ ಮೈಸೂರು ಸಂಸ್ಥಾನದ ಜನ 50,55,412. 1881ರಲ್ಲಿ 41,86,188. ನಡುವೆ 1876–78ರ ಘೋರ ಬರ. ವ್ಯತ್ಯಾಸ 8,69,224. ಇಷ್ಟು ಜನ ಸತ್ತರು ಎಂದು ಬರೆದರೆ ತಪ್ಪು. ಹತ್ತು ವರ್ಷದಲ್ಲಿ ಹುಟ್ಟಿದವರಿದ್ದಾರೆ, ಬರವಿಲ್ಲದ ವರ್ಷಗಳಲ್ಲಿ ಸಹಜವಾಗಿ ಸತ್ತವರಿದ್ದಾರೆ, ಊರು ಬಿಟ್ಟು ಗಡಿ ದಾಟಿದವರಿದ್ದಾರೆ, ಒಳಗೆ ಬಂದವರಿದ್ದಾರೆ. ಹುಟ್ಟು ಕೂಡಿಸಿ, ಸಾವು ಕಳೆದು, ಉಳಿದದ್ದನ್ನು ವಲಸೆ ಎನ್ನುವುದು ರೂಢಿಯ ವಿಧಾನ. ಆದರೆ ಬರದ ವರ್ಷಗಳಲ್ಲಿ ಹುಟ್ಟು-ಸಾವು ಬರೆದುಕೊಳ್ಳಬೇಕಾದ ಶಾನುಭೋಗ, ಪಟೇಲರೇ ಸಂಕಟದಲ್ಲಿದ್ದರೆ ಆ ಲೆಕ್ಕವೂ ತೂತುಬೀಳುತ್ತದೆ. ಇಂಥಲ್ಲಿ ಒಂದೇ ಸಂಖ್ಯೆ ಕೊಡಬಾರದು. ಇಷ್ಟರಿಂದ ಇಷ್ಟರೊಳಗೆ ಎಂದು ಹೇಳಬೇಕು.

ಜನಗಣತಿಯ 'ಹುಟ್ಟಿದ ಸ್ಥಳ' ಕಾಲಂ ನಿಮ್ಮ ವಿದ್ಯಾರ್ಥಿಗಳಿಗೆ ಮೊದಲು ಸಿಗುವ ಆಧಾರ. ಅದರಲ್ಲಿ ಮೂರು ಗುಂಡಿಗಳಿವೆ. ಚೊಚ್ಚಲ ಹೆರಿಗೆಗೆ ಮಗಳು ತವರಿಗೆ ಹೋಗುತ್ತಾಳೆ. ಕೂಸು ರಾಣೆಬೆನ್ನೂರಿನಲ್ಲಿ ಹುಟ್ಟಿ ಮೂರು ತಿಂಗಳಿಗೆ ದಾವಣಗೆರೆಗೆ ಬಂದರೆ ಕಾಗದದಲ್ಲಿ ಅದೂ ವಲಸಿಗ. ಎರಡನೆಯದು, ಗಡಿ. ನಿಮ್ಮ ಹಾವೇರಿ 1956ರವರೆಗೆ ಮುಂಬಯಿ ಪ್ರಾಂತ್ಯದಲ್ಲಿತ್ತು. 1940ರಲ್ಲಿ ಹಾವೇರಿಯಿಂದ ಮುಂಬಯಿಗೆ ಹೋಗಿ ಹೋಟೆಲಿನಲ್ಲಿ ದುಡಿದವನು ಪ್ರಾಂತ್ಯದ ಗಡಿಯನ್ನೇ ದಾಟಲಿಲ್ಲ. ಅದೇ ವರ್ಷ ಹರಿಹರದಿಂದ ಹೊಳೆ ದಾಟಿ ರಾಣೆಬೆನ್ನೂರಿಗೆ ಬಂದವನು ಮೈಸೂರು ಸಂಸ್ಥಾನ ಬಿಟ್ಟು ಬ್ರಿಟಿಷ್ ಇಂಡಿಯಾಕ್ಕೆ ಬಂದ ಹಾಗೆ. ಕೋಲಾರದ ಚಿನ್ನದ ಗಣಿಗೆ ಬಂದ 'ಮದ್ರಾಸಿನವರ' ಲೆಕ್ಕದಲ್ಲೂ ದೂರದಿಂದ ಬಂದವರ ಜೊತೆ ಪಕ್ಕದ ತಾಲ್ಲೂಕಿನವರು ಬೆರೆತಿದ್ದಾರೆ. ಮೂರನೆಯದು, ಪ್ರಶ್ನೆಗಳೇ ಬದಲಾದದ್ದು. ಎಷ್ಟು ವರ್ಷದಿಂದ ಇಲ್ಲಿದ್ದೀರಿ ಎಂದು ಕೇಳತೊಡಗಿದ್ದು 1961ರಲ್ಲಿ, ಹಿಂದೆ ವಾಸವಿದ್ದ ಊರು ಯಾವುದೆಂದು 1971ರಲ್ಲಿ, ಏಕೆ ಬಂದಿರಿ ಎಂದು 1981ರಲ್ಲಿ. ಹಾಗಾಗಿ 1951ನ್ನೂ 1981ನ್ನೂ ನೇರವಾಗಿ ಹೋಲಿಸಲು ಬರುವುದಿಲ್ಲ. 2011ರ ಗಣತಿಯಲ್ಲಿ ದೇಶದ ಸುಮಾರು 45 ಕೋಟಿ ವಲಸಿಗರಲ್ಲಿ ಮೂರನೇ ಎರಡು ಪಾಲು ಹೆಂಗಸರು, ಬಹುತೇಕರ ಕಾರಣ ಮದುವೆ. ಮದುವೆಯಾಗಿ ಬಂದವಳು ಮರುವಾರವೇ ಗದ್ದೆಗೋ ಬೀಡಿ ಕಟ್ಟಲಿಕ್ಕೋ ಕೂತರೂ ಕಾಲಂನಲ್ಲಿ 'ಮದುವೆ' ಎಂದೇ ಇರುತ್ತದೆ.

ಕೊನೆಯದಾಗಿ ನಿಮ್ಮ ವಿದ್ಯಾರ್ಥಿಗಳ ಕೆಲಸ. ಇಡೀ ಊರು ಬೇಡ, ಒಂದು ಬೀದಿ ಅಥವಾ ಒಂದು ಕಸುಬು ಹಿಡಿಯಿರಿ. ಒಂದು ತಂಡಕ್ಕೆ ಎಂಟು-ಹತ್ತು ಮನೆ ಸಾಕು, ಏಕೆಂದರೆ ಒಂದು ಗಂಟೆಯ ಧ್ವನಿಮುದ್ರಣ ಬರೆದಿಳಿಸಲು ಹೊಸಬರಿಗೆ ಐದಾರು ಗಂಟೆ ಬೇಕು. 'ಯಾವ ಇಸವಿಯಲ್ಲಿ ಬಂದಿರಿ' ಎಂದು ಕೇಳಿದರೆ 1980, 1990 ಎಂಬ ದುಂಡು ಅಂಕಿಯ ಉತ್ತರ ಬರುತ್ತದೆ. ಎಪ್ಪತ್ತೆರಡರ ಬರಕ್ಕೆ ಮೊದಲೋ ಆಮೇಲೋ, ಇಂದಿರಾ ಗಾಂಧಿ ತೀರಿಕೊಂಡಾಗ ಎಲ್ಲಿದ್ದಿರಿ, ದೊಡ್ಡ ಮಗ ಆಗ ನಡೆಯುತ್ತಿದ್ದನೋ ಎಂದು ಕೇಳಿ. ಆರು ತಿಂಗಳಿಗಿಂತ ಹೆಚ್ಚು ಇದ್ದ ಊರುಗಳನ್ನೆಲ್ಲ ಸಾಲಾಗಿ ಬರೆಸಿಕೊಳ್ಳಿ. ನಿಮಗಿಂತ ಮೊದಲು ಇಲ್ಲಿ ಯಾರಿದ್ದರು, ಬಸ್ ಚಾರ್ಜಿಗೆ ಹಣ ಯಾರು ಕೊಟ್ಟರು, ಮೊದಲ ರಾತ್ರಿ ಎಲ್ಲಿ ಮಲಗಿದಿರಿ, ಮೊದಲ ಪಗಾರ ಎಷ್ಟು, ಅದರಲ್ಲಿ ಊರಿಗೆ ಎಷ್ಟು ಕಳಿಸಿದಿರಿ: ಈ ಐದು ಪ್ರಶ್ನೆ ತಪ್ಪಿಸಬೇಡಿ. ಸಾಲ ಕೊಟ್ಟವನ ಹೆಸರು ಸಿಕ್ಕಿದರೆ ಇಡೀ ಬೀದಿ ಹೇಗೆ ತುಂಬಿತು ಎನ್ನುವುದರ ಎಳೆ ಸಿಗುತ್ತದೆ. ಹೆಂಗಸರನ್ನು ಬೇರೆಯಾಗಿ ಮಾತಾಡಿಸಿ. ಗಂಡನ ಎದುರು ಕೇಳಿದರೆ ಉತ್ತರ ಗಂಡನದೇ ಆಗಿರುತ್ತದೆ. ಟ್ರಂಕಿನಲ್ಲಿ ಹಳೆಯ ಮನಿಯಾರ್ಡರ್ ರಸೀದಿ ಇದೆಯೇ ಕೇಳಿ. ಫಾರಂನ ಕೂಪನ್ ಮೇಲೆ ಎರಡು ಸಾಲು ಸಂದೇಶ ಬರೆಯಲು ಜಾಗವಿರುತ್ತಿತ್ತು. ತಾರೀಕಿನ ಮೊಹರೂ ಹಣದ ಮೊತ್ತವೂ ಇರುವ ಅಂಥ ತುಣುಕು ನೆನಪನ್ನು ಒರೆಗೆ ಹಚ್ಚಲು ಬಹಳ ಒಳ್ಳೆಯ ಆಧಾರ. ಅಜ್ಜ ಹೇಳಿದ ವರ್ಷ ತಪ್ಪಿದ್ದರೂ ಮಾತನ್ನು ಎಸೆಯಬೇಡಿ. ಅವರು ಏಕೆ ಹಾಗೆ ನೆನಪಿಟ್ಟುಕೊಂಡರು ಎಂಬುದೂ ಇತಿಹಾಸದ ವಿಷಯವೇ.

ಬೀದಿಯಲ್ಲಿ ಸಿಗುವವರು ಉಳಿದವರು ಮಾತ್ರ. ನಿಮ್ಮ ಜೊತೆ ಬಂದು ವಾಪಸು ಹೋದವರು ಯಾರು ಎಂದು ಪ್ರತಿ ಮನೆಯಲ್ಲೂ ಕೇಳಿ, ಆ ಹೆಸರುಗಳ ಪಟ್ಟಿ ಬೇರೆ ಇಡಿ. ಸಾಧ್ಯವಾದರೆ ಒಂದು ತಂಡ ಅವರ ಹುಟ್ಟೂರಿಗೇ ಹೋಗಿ ಬರಲಿ. ಮಾತು ಲಂಬಾಣಿಯಲ್ಲೋ ಹಿಂದಿಯಲ್ಲೋ ಇದ್ದರೆ ಆಡಿದ ಮಾತನ್ನೂ ಕನ್ನಡವನ್ನೂ ಎದುರುಬದುರು ಬರೆಯಿರಿ. ಧ್ವನಿ ಮುದ್ರಿಸಿಕೊಳ್ಳುವ ಮೊದಲು ಒಪ್ಪಿಗೆ ಕೇಳಿ, ವರದಿಯಲ್ಲಿ ಹೆಸರು ಬದಲಿಸಿ. ಬರೆದು ಮುಗಿದ ಮೇಲೆ ಅವರ ಮನೆಗೆ ಹೋಗಿ ಅವರ ಭಾಗವನ್ನು ಓದಿ ಹೇಳಿ. ತಾರೀಕು, ಊರಿನ ಹೆಸರು, ಕೂಲಿಯ ಮೊತ್ತ ತಪ್ಪಾಗಿದ್ದರೆ ಅಲ್ಲಿ ತಿದ್ದಿಸಿಕೊಳ್ಳಬಹುದು. ಈ ಸಾಲು ಬೇಡ ಎಂದರೆ ತೆಗೆಯಿರಿ. ಧ್ವನಿಮುದ್ರಣದ ಒಂದು ಪ್ರತಿಯನ್ನು ಯಾರು, ಎಲ್ಲಿ, ಯಾವತ್ತು ಮಾತಾಡಿಸಿದರು ಎಂಬ ಚೀಟಿಯೊಂದಿಗೆ ಕಾಲೇಜಿನ ಗ್ರಂಥಾಲಯದಲ್ಲಿಡಿ. ಇನ್ನೊಂದು ಪ್ರತಿ ಆ ಮನೆಯವರಿಗೆ.

— ಸಂಪಾದಕ